ನಾವ ಬಿಟ್ಟೇವಿ ಅಂತ ಬರಿ

ನನ್ನ ಅವ್ವಗ,

ರಾಮದುರ್ಗದ ಸಾಲಿಗೆ ನನ್ನ ಹೆಸರ ಹಚ್ಚಾಕ ಹೋದ ದಿನಾ ನೆನಪೈತೇನು? ಹೆಡ್ ಮಾಸ್ತರು "ಅಪ್ಪನ ಹೆಸರೇನು?" ಅಂದ್ರು. ಹಿಂದ ನಿಂತ ಮಂದಿಗೆ ನೀ ಯಾರಂತ ಗೊತ್ತಿತ್ತು. ಸಣ್ಣಾಕಿ ಇದ್ದಾಗ ನಿನಗ ಮುತ್ತು ಕಟ್ಟಿ ದೇವದಾಸಿ ಮಾಡಿದ್ರು. ದೊಡ್ಡಾಕಿ ಆದಮ್ಯಾಲ ನೀ ಅದನ್ನ ಬಿಟ್ಟು ಬಜಾರದಾಗ ಕಾಯಿಪಲ್ಲೆ ಮಾರಾಕ ಕುಂತಿದ್ದಿ. ತಲಿ ಎತ್ತಿ, "ನಾ ಇದ್ದೀನಲ್ರಿ ಸರ್, ನನ್ನ ಹೆಸರ ಬರೀರಿ" ಅಂದಿ. ಅಷ್ಟು ಧೈರ್ಯ ನಿನಗ ಎಲ್ಲಿಂದ ಬಂತವ್ವಾ? ಈಗಲೂ ವಿಚಾರ ಮಾಡಿದ್ರ...

ನಾ ಗ್ರಂಥಾಲಯ ವಿಜ್ಞಾನದಾಗ ಸಂಶೋಧನಾ ಮಾಡಾಕ ಸೇರಿದಾಗ ನಿನ್ನನ್ನ ನಮ್ಮ ಲೈಬ್ರರಿ ತೋರಸಾಕ ಕರ್ಕೊಂಡು ಹೋಗಿದ್ದೆ. ಕಪಾಟು ನೋಡ್ಕೋತ, "ನನ್ನಂಥೋರ ಬಗ್ಗೆನೂ ಬರದಾರೇನ?" ಅಂತ ಕೇಳಿದಿ. ನಾ ಖುಷಿಲೆ ಕಂಪ್ಯೂಟರದಾಗ ಹುಡುಕಿದೆ. ಪುಸ್ತಕ ಇದ್ದವು. ಆದ್ರ ವಿಷಯ ಅನ್ನೂ ಕಡೆ 'ವೇಶ್ಯಾವೃತ್ತಿ' ಅಂತಿತ್ತು, ಕಪಾಟಿನ್ಯಾಗ ಅವನ್ನ ಅಪರಾಧದ ಪುಸ್ತಕಗಳ ಬಾಜೂಕ ಇಟ್ಟಿದ್ರು. ನಿನಗ ಓದಾಕ ಬರ್ತಿದ್ದಿಲ್ಲ, ಏನ ಬರದೈತಿ ಅಂದಿ. ಓದಿ ಹೇಳಿದೆ. ನೀ ಸಿಟ್ಟಾಗಲಿಲ್ಲ. ಒಂದು ಪುಸ್ತಕದ ಮ್ಯಾಲ ಕೈ ಇಟ್ಟು, "ಹಿಂಗ ಕರೀಬೇಕಂತ ಗೊತ್ತ ಮಾಡಿದೋರು ಯಾರು? ನಮ್ಮನ್ನ ಒಂದ ಮಾತು ಕೇಳಿದ್ರೇನು?" ಅಂದಿ.

ಆ ಪ್ರಶ್ನೆನ ನನ್ನ ಸಂಶೋಧನಾ ಆತು. ಗೈಡ್ ಸರ್ ಒಮ್ಮೆ, "ಹೆಸರ ಬದಲಾದ್ರ ಬಾಳೇ ಬದಲಾಗತೈತೇನಮ್ಮಾ?" ಅಂತ ಕೇಳಿದ್ರು. ಅದನ್ನ ನಿನ್ನ ಕೇಳಬೇಕು ಅಂದ್ಕೊಂಡೆ. ಅಷ್ಟರಾಗ ನೀ ತೀರ್ಕೊಂಡಿ.

ನೀ ಹೋದ ಮುಂದಿನ ಬ್ಯಾಸಗಿಯೊಳಗ ಕಟಕೋಳದಾಗ ನಿನ್ನಂಥಾ ಹೆಣ್ಮಕ್ಕಳೆಲ್ಲಾ ಕೂಡಿದ್ರು, ಸವದತ್ತಿ ಕಡಿಂದಾನೂ ಬಂದಿದ್ರು. "ನಿಮ್ಮ ಬಗ್ಗೆ ಇರೂ ಪುಸ್ತಕ ಯಾವ ಹೆಸರಿನ ಕೆಳಗ ಇಡೂನ್ರಿ?" ಅಂತ ಕೇಳಿದೆ. ಒಬ್ಬಾಕಿ, "ದೇವದಾಸಿ ಅನ್ನೂದನ್ನ ಅಳಿಸಿ ಬಿಡ ತಂಗಿ, ನನ್ನ ಮಗಳ ಲಗ್ನ ಆಗಬೇಕು" ಅಂದ್ಲು. ನಿನ್ನ ಗೆಳತಿ ಗಂಗವ್ವ ಚಿಗವ್ವ ಒಪ್ಪಲಿಲ್ಲ. "ಅಳಿಸಿದ್ರ ನಮಗ ಆಗಿದ್ದನ್ನ ನಾಳೆ ಯಾರು ನಂಬ್ತಾರ?" ವಾದ ಭಾಳ ಹೊತ್ತು ನಡೀತು, ಇಬ್ಬರ ಕಣ್ಣಾಗೂ ನೀರು. ಕಡೀಕ ಚಿಗವ್ವ ನನ್ನ ಕಡೆ ತಿರುಗಿ, "ನಮ್ಮನ್ನ ಬಿಡಿಸಿದ್ರು ಅಂತ ಬರೀಬ್ಯಾಡ. ನಾವ ಬಿಟ್ಟೇವಿ ಅಂತ ಬರಿ" ಅಂದ್ಲು. ಮಗಳ ಲಗ್ನದ ಚಿಂತಿ ಇದ್ದಾಕಿ ಕಣ್ಣ ಒರಸ್ಕೊಂಡು "ಹಂಗಾದ್ರ ಇರಲಿ" ಅಂದ್ಲು. 'ದೇವದಾಸಿ ಪದ್ಧತಿ ಬಿಟ್ಟ ಮಹಿಳೆಯರು' ಅಂತ ನಾ ಬರದು ಓದಿದೆ. ಎಲ್ಲಾರೂ ಇನ್ನೊಮ್ಮೆ ಓದು ಅಂದ್ರು. ಶಬ್ದಗಳ ಬಗ್ಗೆ ಎಷ್ಟೋ ಓದಿದ್ದೆ, ಒಂದು ಶಬ್ದ ಹುಟ್ಟೂದನ್ನ ಅವತ್ತ ಕಂಡೆ.

ಹೋದ ವಾರ ನಮ್ಮ ಲೈಬ್ರರಿಯವರು ಅದ ಹೆಸರ ಹಾಕಿದ್ರು. ಪುಸ್ತಕ ಅಪರಾಧದ ಕಪಾಟು ಬಿಟ್ಟು ಹೆಣ್ಮಕ್ಕಳ ಇತಿಹಾಸದ ಕಪಾಟಿಗೆ ಬಂದಾವು. ಬ್ಯಾರೆ ಲೈಬ್ರರಿಯವರು ಒಪ್ಪೂದು ಇನ್ನ ಬಾಕಿ ಐತಿ, ಅವರ ಬೆನ್ನ ಬಿಡೂದಿಲ್ಲ ನಾ. ನಿನ್ನೆ ನೋಡಾಕ ಹೋದ್ರ, ಬೈಲಹೊಂಗಲ ಕಡೀ ಹುಡುಗಿ ಒಬ್ಬಾಕಿ ಅಲ್ಲೇ ನೆಲಕ್ಕ ಕುಂತು ಓದಾಕತ್ತಿದ್ಲು.

"ಇಂಥಾ ಪುಸ್ತಕ ಇನ್ನೂ ಅದಾವೇನ್ರಿ ಅಕ್ಕಾರ?"

"ಯಾಕವಾ?" ಅಂದೆ.

"ನಮ್ಮ ಆಯಿನೂ ಆ ಪದ್ಧತಿ ಬಿಟ್ಟಾಳ್ರಿ" ಅಂದ್ಲು.

ಸುತ್ತ ಮಂದಿ ಓದ್ಕೋತ ಕುಂತಿದ್ರು. ಆಕಿ ದನಿ ಸಣ್ಣ ಮಾಡಲಿಲ್ಲವ್ವಾ.