ಬೇಡುಗೂಡಿಗೆ ಸೀರೆ ಮುಚ್ಚಿದ ಮೇಲೆ

ಎರಡನೆಯ ಶ್ರಾವಣ, ಮೂವತ್ತಾರನೆಯ ತಾರೀಖು, ಇಸವಿ ೨೨೩೧
ಮೇಲೋಣಿ, ಹುಬ್ಬಳ್ಳಿ

ಹಿರಿಯ ತಾಯಿಯವರಿಗೆ ನೀಲಗಂಗಾಳ ನಮಸ್ಕಾರಗಳು.

ತಾರೀಖು ನೋಡಿ, ಇವಳು ತಪ್ಪು ಬರೆದಿದ್ದಾಳೆ ಎಂದುಕೊಳ್ಳಬೇಡಿ. ಮಳೆ ತನ್ನ ಕಾಲ ಬಿಟ್ಟು ಸುರಿಯತೊಡಗಿದ ಮೇಲೆ ನಮ್ಮ ಪಂಚಾಂಗದವರು ತಿಂಗಳುಗಳನ್ನು ಬೇಕಾದಷ್ಟು ಹಿಗ್ಗಿಸಿಕೊಂಡಿದ್ದಾರೆ. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮನ್ನು ಏನೆಂದು ಕರೆಯಬೇಕೆಂಬುದೇ ನನಗೆ ಬಗೆಹರಿಯಲಿಲ್ಲ. ನೀವು ನನ್ನ ಅಜ್ಜಿಯ ಅಜ್ಜಿಗಿಂತ ಹಿಂದಿನವರು. ಆದರೆ ಇದನ್ನು ಓದುವ ಹೊತ್ತಿಗೆ ವಯಸ್ಸಿನಲ್ಲಿ ನನಗಿಂತ ಚಿಕ್ಕವರೂ ಇರಬಹುದು. ನಿಮ್ಮ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಸಾಮಾನು ಮಿತಿಮೀರಿದೆ ಎಂದಷ್ಟೇ ಊಹಿಸಿಕೊಂಡಿದ್ದೇನೆ. ಮನೆ ಹಗುರ ಮಾಡಿದವರು ಹಿಂದಿನ ಕಾಲದ ಯಾರಿಗಾದರೂ ಒಂದು ಕಾಗದ ಬರೆದು ಹಿನ್ನಂಚೆಯ ಡಬ್ಬಿಗೆ ಹಾಕಬೇಕೆಂಬುದು ನಮ್ಮ ಓಣಿಯ ರೂಢಿ. ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ. ಆದರೂ ಬರೆಯುತ್ತಾರೆ. ನಿಮಗೆ ಬುದ್ಧಿ ಹೇಳಲು ನಾನು ಬರೆಯುತ್ತಿಲ್ಲ. ನಮ್ಮ ಮನೆಯಲ್ಲಿ ನಡೆದದ್ದು ನನಗೇ ಸರಿಯಾಗಿ ಅರ್ಥವಾಗಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೇಲೋಣಿ ಎಂದರೆ ನೆಲದ ಮೇಲಿರುವ ಓಣಿಯಲ್ಲ. ಕಟ್ಟಡಗಳ ನಡುವೆ ಎತ್ತರದಲ್ಲಿ ತೂಗುಹಾಕಿದ ಓಣಿ. ಅಲ್ಲಿಯೇ ತರಕಾರಿ ಬೆಳೆಯುತ್ತೇವೆ, ಅಲ್ಲಿಯೇ ಹಪ್ಪಳ ಒಣಗಿಸುತ್ತೇವೆ, ಅಲ್ಲಿಯೇ ಜಗಳವಾಡುತ್ತೇವೆ. ನಮ್ಮದು ಎರಡು ಕೋಣೆ, ಒಂದು ಅಡುಗೆಮನೆ. ನನ್ನ ಗಂಡ ಗುರುಸಿದ್ದ ಗಾಳಿಕೊಳವೆಗಳ ದೂಳು ತೆಗೆಯುವ ಕೆಲಸಕ್ಕೆ ಹೋಗುತ್ತಾರೆ. ನಾನು ಬೀಜಮನೆಯಲ್ಲಿ ಗಟ್ಟಿ ಬೀಜ, ಜಳ್ಳು ಬೀಜ ಬೇರೆ ಮಾಡುತ್ತೇನೆ. ಮಗಳು ಅಕ್ಕುಗೆ ಆರು ವರ್ಷ, ಮಗ ಮುರಿಗಿಗೆ ಮೂರು. ದಿನವಿಡೀ ಜಳ್ಳು ಆರಿಸುವವಳ ಮನೆ ಹೇಗಿರಬೇಕು ಎಂದು ನೀವು ಕೇಳಿದರೆ ನನಗೆ ನಾಚಿಕೆಯಾಗುತ್ತದೆ. ಒಳಕೋಣೆಯ ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಆಟಿಕೆ, ಅಂಗಿ, ಚಿಕ್ಕದಾದ ಚಪ್ಪಲಿ, ಹಿಡಿಕೆ ಹೋದ ತೊಟ್ಟಿಲು, ಹೊಸದಾಗಿಯೇ ಉಳಿದ ಪಾತ್ರೆಗಳು. ಆ ರಾಶಿಯ ಮೇಲೆ ಮಕ್ಕಳು ಗುಡ್ಡ ಹತ್ತುವ ಆಟವಾಡುತ್ತಿದ್ದರು.

ಇದಕ್ಕೆಲ್ಲ ಮೂಲ ಬೇಡುಗೂಡು. ನಿಮ್ಮ ಕಾಲದಲ್ಲಿ ದೇವರ ಗೂಡು ಇರುತ್ತಿದ್ದಂತೆ ನಮ್ಮ ಪ್ರತಿ ಅಡುಗೆಮನೆಯ ಗೋಡೆಯಲ್ಲಿ ಅದೊಂದು ಗೂಡು. ಕೈ ಇಟ್ಟು ಬೇಕಾದ್ದನ್ನು ಹೇಳಿದರೆ, ಬೆಳಗಾಗುವುದರೊಳಗೆ ಅದು ಒಳಗೆ ತಯಾರಾಗಿ ಕೂತಿರುತ್ತದೆ. ಬೆಲೆಯಿಲ್ಲ. ಕೊಟ್ಟದ್ದನ್ನು ಅದು ಹಿಂದಕ್ಕೆ ಮಾತ್ರ ತೆಗೆದುಕೊಳ್ಳುವುದಿಲ್ಲ. ಬೇಡವಾದದ್ದನ್ನು ಹಾಕಿದ್ದನ್ನೆಲ್ಲ ಅರೆದುಬಿಡುವ ಓಣಿಯ ತುದಿಯ ನುಂಗುಗಾಣದವರೆಗೆ ನಾವೇ ಹೊತ್ತುಕೊಂಡು ಹೋಗಬೇಕು, ಅಲ್ಲಿ ಸರದಿ ನಿಲ್ಲಬೇಕು. ಹೀಗಾಗಿ ಬರುವುದು ಸುಲಭ, ಹೋಗುವುದು ಕಷ್ಟ.

ಕಡಲು ಏರಿದ ಮೇಲೆ ದಂಡೆಯ ಊರುಗಳವರು ಒಬ್ಬೊಬ್ಬರಾಗಿ ಘಟ್ಟ ಹತ್ತಿ ಬಂದು ಊರ ಹೊರಗಿನ ಶಿಬಿರ ಸೇರುತ್ತಿದ್ದಾರೆ. ಎರಡು ಕೋಣೆ ಇದ್ದವರು ಒಂದನ್ನು ಅವರಿಗೆ ಬಿಟ್ಟುಕೊಡಬೇಕು. ಇದನ್ನು ಕೂಡುವಾಸ ಎನ್ನುತ್ತೇವೆ. ನಮ್ಮ ಸರದಿ ಬಂತು. ಒಬ್ಬ ತಾಯಿ, ಒಬ್ಬ ಮಗಳು. ಮುಂದಿನ ಹುಣ್ಣಿಮೆಗೆ ಬರುತ್ತಾರೆ ಎಂದು ಕೋಣೆಗಳ ಹಂಚಿಕೆಯಾಕೆ ಬಾಗಿಲಲ್ಲೇ ನಿಂತು ಹೇಳಿದಳು. ಒಳಕೋಣೆಗೆ ಇಣುಕಿ ನೋಡಿ, "ಇಲ್ಲೇನ್ರಿ? ಇಲ್ಲಿ ಆಡು ಕಟ್ಟಾಕೂ ಜಾಗ ಇಲ್ಲಲ್ರಿ. ಖಾಲಿ ಮಾಡದಿದ್ರ ಅವರು ಇನ್ನೂ ಶಿಬಿರದಾಗ ಇರಬೇಕಾಗತೈತಿ" ಎಂದು ಹೋದಳು.

ಶಿಬಿರದಲ್ಲಿ ಮಕ್ಕಳು ಕೆಮ್ಮಿ ಕೆಮ್ಮಿ ಸಾಯುತ್ತಿದ್ದ ಸುದ್ದಿ ಎಲ್ಲರಿಗೂ ಗೊತ್ತಿತ್ತು.

ಮೊದಲು ನನಗೆ ತೋಚಿದ್ದು ಸುಲಭದ ದಾರಿ. ಮಕ್ಕಳು ಕಲಿಮನೆಗೆ ಹೋದಾಗ ಎರಡು ಚೀಲ ತುಂಬಿಸಿ ನುಂಗುಗಾಣಕ್ಕೆ ಹಾಕಿ ಬಂದೆ. ಅಷ್ಟು ದೊಡ್ಡ ರಾಶಿಯಲ್ಲಿ ಯಾರಿಗೆ ತಿಳಿಯುತ್ತದೆ ಎಂದುಕೊಂಡಿದ್ದೆ. ಅಕ್ಕು ಬಂದವಳೇ ರಾಶಿಯ ಮುಂದೆ ನಿಂತು, "ಯವ್ವಾ, ನನ್ನ ಕುಂಟ ಕುದರಿ ಎಲ್ಲಿ?" ಎಂದಳು. ಒಂದು ಕಾಲು ಮುರಿದ ಕುದುರೆ. ಅವಳು ಅದನ್ನು ಮುಟ್ಟಿ ವರ್ಷವಾಗಿತ್ತು. ನಾನು ತಡವರಿಸಿದೆ. ಅವಳೇ ಬೇಡುಗೂಡಿನೊಳಗೆ ಕೈ ಇಟ್ಟು ಕುದುರೆ ಕೇಳಿದಳು. ಬೆಳಿಗ್ಗೆ ನಾಲ್ಕೂ ಕಾಲಿನ ಹೊಳೆಯುವ ಕುದುರೆ ಬಂತು. ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಅದಲ್ಲ" ಎಂದು ಕೆಳಗಿಟ್ಟಳು. ಅಳಲಿಲ್ಲ. ಅಳದಿದ್ದದ್ದಕ್ಕೇ ನನಗೆ ಹೆದರಿಕೆಯಾಯಿತು.

ಆಮೇಲೆ ಅವಳು ಕಲಿಮನೆಗೆ ಹೋಗಲು ಒಪ್ಪಲಿಲ್ಲ. ಒಳಕೋಣೆಯ ರಾಶಿಗೆ ಬೆನ್ನು ಕೊಟ್ಟು ಕಾವಲು ಕೂತಳು. ತಟ್ಟೆಯನ್ನು ಅಲ್ಲಿಗೇ ತರಿಸಿಕೊಂಡಳು. ಮುರಿಗಿಯ ಹಳೆಯ ಅಂಗಿ ಮಡಿಸುತ್ತ ನಾನು ಹತ್ತಿರ ಕೂತಾಗ ಕೇಳಿದಳು:

"ಅದ್ಯಾಕ ಒಗೀತಿ?"

"ಅವಗ ಸಣ್ಣದಾಗೈತವ್ವ."

"ಸಣ್ಣ ಆದದ್ದು ಅಂಗ್ಯೋ, ಅಂವ ದೊಡ್ಡಾಂವ ಆದನೋ?"

ಮಡಿಸಿದ ಅಂಗಿಯನ್ನು ಮತ್ತೆ ರಾಶಿಯ ಮೇಲಿಟ್ಟೆ.

ಒಗೆಯುವುದನ್ನು ಬಿಟ್ಟು ತರುವುದನ್ನಾದರೂ ನಿಲ್ಲಿಸೋಣ ಎಂದು ನನ್ನ ಹಳೆಯ ಇಳಕಲ್ ಸೀರೆಯನ್ನು ಬೇಡುಗೂಡಿಗೆ ಮುಚ್ಚಿ ಮೊಳೆ ಹೊಡೆದೆವು. ಸೀರೆ ಮುಚ್ಚಿದ ಮೇಲೆ ತಿಳಿಯಿತು ನೋಡಿ, ನಮ್ಮ ಕೈ ಎಷ್ಟು ಸಲ ಅತ್ತ ಹೋಗುತ್ತದೆ ಎಂದು. ಮುರಿಗಿ ಬಿದ್ದು ಅತ್ತರೆ ಕೈ ಅತ್ತ. ಬೀಜಮನೆಯಲ್ಲಿ ಯಾರಾದರೂ ಬೈದರೆ ಕೈ ಅತ್ತ. ಸಂಜೆ ಗುರುಸಿದ್ದ ತಡವಾಗಿ ಬಂದರೆ ಕೈ ಅತ್ತ. ನನಗೆ ಏನೂ ಬೇಕಾಗಿರುತ್ತಿರಲಿಲ್ಲ. ಏನು ಕೇಳಬೇಕೆಂದು ಕೈ ಇಟ್ಟ ಮೇಲೆ ಯೋಚಿಸುತ್ತಿದ್ದೆ. ಬೇಡುವುದಕ್ಕೂ ಬೇಕಾಗುವುದಕ್ಕೂ ಇರುವ ನಂಟು ನಿಮ್ಮ ಕಾಲದವರಿಗಾದರೂ ಗೊತ್ತಿತ್ತೇ?

ಒಂದು ಮಧ್ಯಾಹ್ನ ಬೇಗ ಮನೆಗೆ ಬಂದೆ. ಗುರುಸಿದ್ದ ಸೀರೆಯ ತುದಿ ಎತ್ತಿ ತೋಳಿನವರೆಗೆ ಕೈ ತೂರಿಸಿ ನಿಂತಿದ್ದರು.

"ಏನ್ರೀ ಇದು?"

"ಡಬ್ಬಿ," ಎಂದರು ಅಪರಾಧಿಯಂತೆ. "ಎಲ್ಲಾ ಜೋಡಿಸಿಡಾಕ ಡಬ್ಬಿ ಬೇಕಲ್ಲ? ದೊಡ್ಡೂವು ಮೂರು, ಸಣ್ಣೂವು ಒಂದಿಷ್ಟು. ಮುಚ್ಚಳ ಇದ್ದೂವು."

"ಸಾಮಾನ ಕಡಿಮಿ ಮಾಡಾಕ ಮತ್ತ ಸಾಮಾನ ತರಿಸ್ತೀರಿ?"

"ಜೋಡಿಸಿದ್ರ ಕಡಿಮಿ ಕಾಣತೈತಿ, ನೀಲಾ."

ನಾನು ಸಿಟ್ಟಾಗಬೇಕೆಂದಿದ್ದೆ. ಆದರೆ ಅವರ ಮುಖ ನೋಡಿ ನಗು ಬಂತು, ನಗುತ್ತ ನಗುತ್ತ ಅಳುವೂ ಬಂತು. ಅವರು ಕೈ ಹೊರತೆಗೆದು ಹತ್ತಿರ ಕೂತರು. "ಆ ಕೂಸು ಶಿಬಿರದಾಗ ಕೆಮ್ಮಾಕತ್ತಿರತೈತಿ. ನಾವಿಲ್ಲಿ ಡಬ್ಬಿ ಲೆಕ್ಕಾ ಹಾಕಾಕತ್ತೀವಿ" ಎಂದರು. ಈ ಮಾತು ಕಾವಲು ಕೂತಿದ್ದ ಅಕ್ಕುಗೆ ಕೇಳಿಸಿತು.

"ಯಾವ ಕೂಸು?" ಎಂದಳು ಬಾಗಿಲ ಸಂದಿಯಿಂದ.

ಆಗ ನನಗೆ ಹೊಳೆಯಿತು, ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಎಂದು ಮಕ್ಕಳಿಗೆ ನಾವು ಹೇಳಿಯೇ ಇರಲಿಲ್ಲ. ಸಣ್ಣವರಿಗೆ ಏನು ತಿಳಿಯುತ್ತದೆ ಎಂದು ಬಿಟ್ಟಿದ್ದೆವು. ಗುರುಸಿದ್ದ ಹೇಳಿದರು, ಕಡಲು, ಮುಳುಗಿದ ಮನೆ, ಕೆಮ್ಮು, ಎಲ್ಲ. ಅಕ್ಕು ರಾಶಿಯ ಮುಂದಿನಿಂದ ಎದ್ದು ನಿಂತಳು. ನಂತರ, "ಇನ್ನ ಮ್ಯಾಲೆ ನಾ ಇಲ್ಲದಾಗ ಮುಟ್ಟಬಾರದು" ಎಂದಳು. ಮುಟ್ಟುವುದಿಲ್ಲ ಎಂದೆ.

ಅವಳು ಹೊರಗೆ ತಂದಳು, ನಾವು ಚೀಲ ಹಿಡಿದೆವು. ಕೆಲವನ್ನು ಮುದ್ದಿಟ್ಟು ಹಾಕಿದಳು, ಕೆಲವನ್ನು ನೋಡದೆಯೇ ಎಸೆದಳು. ಹೊಸ ಗೊಂಬೆಗಳನ್ನೆಲ್ಲ ಬಿಟ್ಟು, ಒಂದು ಕಲ್ಲು, ಒಂದು ಚಿಂದಿ ಹಗ್ಗ ಇಟ್ಟುಕೊಂಡಳು. ಯಾವ ಲೆಕ್ಕದಲ್ಲಿ ಎಂದು ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ರಾಶಿ ಕರಗಿ ನೆಲ ಕಾಣಿಸಿದಾಗ ಮುರಿಗಿ ಗೋಡೆಯಿಂದ ಗೋಡೆಗೆ ಓಡಿದ. ಮತ್ತೆ ಓಡಿದ. ಮನೆಯೊಳಗೆ ಓಡಬಹುದು ಎಂಬುದೇ ಆ ಮಗುವಿಗೆ ಗೊತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತು, ಎಲ್ಲ ಬಗೆಹರಿಯಿತು ಎಂದುಕೊಂಡೆ. ಬರೀ ಗೋಡೆಯ ಚೆಲುವಿಗೆ ಸೋತಿದ್ದೆ. ನೀವೂ ಮನೆ ಹಗುರ ಮಾಡಿದ ದಿನ ಹೀಗೇ ಸುಮ್ಮನೆ ನಿಂತು ನೋಡುತ್ತೀರಿ ಅನ್ನಿಸುತ್ತದೆ.

ಹುಣ್ಣಿಮೆಯ ಬೆಳಿಗ್ಗೆ ಅವರು ಬಂದರು. ತಾಯಿ ದೇವಕಿ, ಮಗಳು ತುಳಸು. ಹೆಚ್ಚು ಕಡಿಮೆ ಅಕ್ಕುವಿನ ಓರಗೆ. ಅವರ ಹಿಂದೆ ಒಂದು ಗಾಡಿ. ಗಾಡಿಯ ತುಂಬ ಸಾಮಾನು! ಹರಿದ ಬಲೆ, ದೋಣಿಯ ಹುಟ್ಟು, ಬಿದಿರಿನ ಬುಟ್ಟಿಗಳು, ಕಪ್ಪಾದ ಚಾಪೆಗಳು, ಯಾವುದೋ ಯಂತ್ರದ ಅರ್ಧ, ಎಲ್ಲಕ್ಕೂ ಅಡಿಯಲ್ಲಿ ಒಂದು ಇಡೀ ಬಾಗಿಲು. ನಾನು ನಗುನಗುತ್ತಲೇ ಒಳಗೆ ಕರೆದೆ. ಸಂಜೆಯ ಹೊತ್ತಿಗೆ ನನ್ನ ಬರೀ ಗೋಡೆ ಕಾಣದಾಯಿತು.

ಅಕ್ಕು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಕೆಂಪಾದ ಮುಖದಲ್ಲಿ, "ನಮ್ಮದೆಲ್ಲಾ ಹೊರಗ ಹಾಕಿದ್ವಿ. ಅವರ ಬಾಗಲಾ ಯಾಕ ಒಳಗ ಬಂತು?" ಎಂದಳು. ನ್ಯಾಯವಾದ ಮಾತೇ. ದೇವಕಿಗೆ ಕೇಳಿಸಿರಬೇಕು. ಹೊಸ್ತಿಲಿಗೆ ಬಂದು ನಿಂತು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೇಳಿದಳು:

"ಅಕ್ಕಾ, ಬೇಜಾರು ಮಾಡ್ಕೊಳ್ಬೇಡಿ. ನೀರು ಜಗಲಿಗೆ ಬಂದಿತ್ತು. ಎಂತ ತಕೊಳ್ಳೂದು, ಎಂತ ಬಿಡೂದು ಅಂತ ತಲೆಗೇ ಹೋಗ್ಲಿಲ್ಲ. ಬಾಗಿಲು ಕಿತ್ತು ನೀರಿಗೆ ಹಾಕಿ, ಕೈಗೆ ಸಿಕ್ಕದ್ದು ಅದರ ಮೇಲೆ ಹೇರಿ, ಇವಳನ್ನೂ ಕೂರಿಸಿ ನೂಕ್ಕಂಡು ಬಂದೆ. ದಡಕ್ಕೆ ಬಂದು ನೋಡಿದ್ರೆ ನನ್ನ ಅಮ್ಮನ ಫೋಟೋ ಇಲ್ಲ, ಆ ಹಾಳು ಯಂತ್ರ ಇದೆ. ಅದ್ಯಾಕೆ ತಂದೆ ಅಂತ ನನಗೇ ಗೊತ್ತಿಲ್ಲ."

ಸ್ಟವ್ ಮೇಲಿಟ್ಟ ಚಹಾ ಉಕ್ಕಿ ಹೋಯಿತು.

ಕೆಲವು ದಿನ ಹಾಗೇ ಹೋದವು. ನಾವೆಲ್ಲ ಒಬ್ಬರನ್ನೊಬ್ಬರು ಸುತ್ತಿಕೊಂಡು, ಬುಟ್ಟಿ ದಾಟಿಕೊಂಡು ಓಡಾಡಿದೆವು. ತುಳಸು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ನಿನ್ನೆ ದೇವಕಿ ತನ್ನ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಅಕ್ಕಾ, ನೀವು ಮಾಡಿದವ್ರು. ಹೇಳಿ, ಎಂತ ಬಿಡ್ಲಿ?" ಎಂದು ಕರೆದಳು. ನಾನು ತಿಳಿದವಳಂತೆ ಹೋಗಿ ಕೂತೆ. ಒಂದು ಬುಟ್ಟಿ ಕೈಗೆತ್ತಿಕೊಂಡೆ, ಕೆಳಗಿಟ್ಟೆ. ಹುಟ್ಟನ್ನು ಮುಟ್ಟಿ ನೋಡಿದೆ. ಯಾವುದು ಜಳ್ಳು, ಯಾವುದು ಗಟ್ಟಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಆ ಹಾಳು ಯಂತ್ರ ಹೋಗಲಿ ಎಂದು ಇಬ್ಬರೂ ಒಪ್ಪಿದೆವು, ಅಷ್ಟಕ್ಕೇ ನಿಂತಿತು.

ಅಷ್ಟರಲ್ಲಿ ಅಕ್ಕು ಬಂದು ತುಳಸುವಿನ ಎದುರು ಕೂತಳು. ಒಂದೊಂದನ್ನೇ ಎತ್ತಿ ಅವಳಿಗೆ ತೋರಿಸತೊಡಗಿದಳು. "ಇದು?" ತುಳಸು ತಲೆಯಾಡಿಸಿದರೆ ಇತ್ತ, ಇಲ್ಲವೆಂದರೆ ಅತ್ತ. ರಾಶಿಯ ಅಡಿಯಿಂದ ಒಂದು ಮಣ್ಣಿನ ಮುಚ್ಚಳ ಬಂತು. ಬರೀ ಮುಚ್ಚಳ, ಅಂಚು ಒಡೆದದ್ದು.

"ಇದರ ಗಡಿಗಿ ಎಲ್ಲೈತಿ?"

"ನೀರಲ್ಲಿ," ಎಂದಳು ತುಳಸು. ನಮ್ಮ ಮನೆಯಲ್ಲಿ ಅವಳಾಡಿದ ಮೊದಲ ಮಾತು ಅದು.

ಅಕ್ಕು ಮುಚ್ಚಳವನ್ನು ತಿರುಗಿಸಿ ನೋಡಿದಳು. "ಹಂಗಾದ್ರ ಇಟ್ಕೊಳ್ಳೋಣು. ಗಡಿಗಿ ಬಂದ್ರ ಬೇಕಾಗತೈತಿ."

ದೇವಕಿ ಗೋಡೆಯ ಕಡೆ ಮುಖ ತಿರುಗಿಸಿದಳು. ನಾನು ಕಲಿತದ್ದೆಲ್ಲ ಹೇಳುವುದು, ಮಡಕೆಯಿಲ್ಲದ ಮುಚ್ಚಳ ಎಲ್ಲಕ್ಕಿಂತ ಮೊದಲು ಮನೆಯಿಂದ ಹೋಗಬೇಕು ಎಂದೇ. ಆದರೂ ಎದ್ದು ಹೋಗಿ ಅದಕ್ಕೆ ಜಾಗ ಮಾಡಿದೆ. ಈಗ ಅದು ನಮ್ಮ ಅಡುಗೆಮನೆಯ ಕಪಾಟಿನಲ್ಲಿ, ಉಪ್ಪಿನ ಭರಣಿಯ ಪಕ್ಕದಲ್ಲಿದೆ. ಈ ಕಾಗದ ಬರೆಯುತ್ತ ಮತ್ತೆ ಮತ್ತೆ ಅದನ್ನೇ ನೋಡುತ್ತಿದ್ದೇನೆ.

ತಾಯಿ, ನಿಮ್ಮ ಕಾಲದಲ್ಲಿ ಸಾಮಾನಿಗಾಗಿ ಅಂಗಡಿಯವರೆಗೆ ನಡೆದು ಹೋಗಬೇಕಿತ್ತು, ಅಲ್ಲಿ ಕೂತವರು "ಮಗಳು ಹೇಗಿದ್ದಾಳೆ?" ಎಂದು ಕೇಳುತ್ತಿದ್ದರು ಎಂದು ಓದಿದ್ದೇನೆ. ನಿಮ್ಮ ಕೈ ಚಾಚುತ್ತಿದ್ದದ್ದು ಸಾಮಾನಿಗೋ ಆ ಮಾತಿಗೋ ಎಂಬುದನ್ನು ನೀವೇ ಬಲ್ಲಿರಿ. ನನ್ನದೊಂದೇ ಬೇಡಿಕೆ. ಮಕ್ಕಳು ಮನೆಯಲ್ಲಿ ಇಲ್ಲದಾಗ ಅವರದೇನನ್ನೂ ಒಗೆಯಬೇಡಿ. ಕೇಳಿ ಒಗೆಯಿರಿ. ಅವರ ಲೆಕ್ಕ ನಿಮಗೆ ತಿಳಿಯಲಿಕ್ಕಿಲ್ಲ, ನನಗೂ ತಿಳಿದಿಲ್ಲ. ಆ ಮುಚ್ಚಳವನ್ನು ಇಟ್ಟುಕೊಂಡದ್ದು ಸರಿಯೋ ತಪ್ಪೋ ನಿಮಗೇನಾದರೂ ಗೊತ್ತಿದ್ದರೆ ಒಂದು ಸಾಲು ಬರೆಯಿರಿ. ತಲುಪುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಾನು ಮಾತ್ರ ಹಿನ್ನಂಚೆಯ ಡಬ್ಬಿ ತೆರೆದು ನೋಡುತ್ತಿರುತ್ತೇನೆ.

ನಿಮ್ಮ ಮಕ್ಕಳಿಗೆ ನನ್ನ ಆಶೀರ್ವಾದ. ಅವರು ನನಗಿಂತ ಎಷ್ಟು ಹಿರಿಯರೋ!

ಇಂತಿ,
ನೀಲಗಂಗಾ