ನಲವತ್ತು ತಿದ್ದುಪಡಿಗಳು

ಭಾಷಾ ಪ್ರಯೋಗಾಲಯ, ನೆಲಮಾಳಿಗೆ
ನವೆಂಬರ್ 14, ಮಂಗಳವಾರ, ಮಧ್ಯಾಹ್ನದ ಬಿಡುವು

ಪ್ರೀತಿಯ ಮಗಳೇ,

ನಿನ್ನ ಕೆಮ್ಮು ಹೇಗಿದೆ? ಹೋದ ಕಾಗದದಲ್ಲಿ ನೀನು ‘ಕಡಿಮೆಯಾಗಿದೆ’ ಎಂದು ಬರೆದಿದ್ದೆ. ಆ ‘ಕಡಿಮೆಯಾಗಿದೆ’ಯನ್ನು ನಾನು ನಿನ್ನ ಚಿಕ್ಕಂದಿನಿಂದ ಬಲ್ಲೆ; ಜ್ವರ ನೂರಮೂರಕ್ಕೆ ಏರಿದ್ದಾಗಲೂ ನೀನು ಹೇಳುತ್ತಿದ್ದದ್ದು ಅದನ್ನೇ. ಹೋಟೆಲಿನ ರಿಸೆಪ್ಶನ್ನಿನಲ್ಲಿ ದಿನಕ್ಕೆ ಎಂಟು ಗಂಟೆ ನಿಂತು, ಬಂದವರಿಗೆಲ್ಲ ಎರಡೆರಡು ಭಾಷೆಯಲ್ಲಿ ನಗುನಗುತ್ತಾ ಸ್ವಾಗತ ಹೇಳುವವಳ ಗಂಟಲು ಹೇಗೆ ತಾನೇ ವಾಸಿಯಾದೀತು? ಬಿಸಿನೀರು ಕುಡಿ. ಎ.ಸಿ.ಯ ಕೆಳಗೆ ನಿಲ್ಲಬೇಡ. ಅಮ್ಮ ಚೆನ್ನಾಗಿದ್ದಾಳೆ. ಅವಳ ಮಂಡಿನೋವು ಮಾತ್ರ ಬಂದ ನೆಂಟರ ಹಾಗೆ, ಹೊರಡುವ ಮಾತೇ ಎತ್ತುತ್ತಿಲ್ಲ. ನಾನೂ ಇದ್ದೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಿನ್ನ ದನಿ ಬಂದರೆ ನಾನು ಸುಮ್ಮನೆ ಕೇಳುತ್ತಾ ಕೂತುಬಿಡುತ್ತೇನೆ, ನನ್ನ ಮಾತು ಉಳಿದೇ ಹೋಗುತ್ತದೆ. ಅದಕ್ಕೇ ಕಾಗದ.

ನೀನು ಕೇಳಿದ್ದಕ್ಕೆ ಮೊದಲು ಉತ್ತರ ಬರೆದುಬಿಡುತ್ತೇನೆ, ಸುತ್ತಿ ಬಳಸಿ ಹೇಳಿದರೆ ವಿಷಯವೇನೂ ಸಿಹಿಯಾಗುವುದಿಲ್ಲ. ನಿನ್ನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಎಂದು ನಾವು ಕೊಟ್ಟ ಮನವಿ ಬಿದ್ದುಹೋಯಿತು. ನಿನ್ನೆ ಕಾಗದ ಬಂತು. ಹದಿನೇಳು ಅಧ್ಯಾಪಕರ ಸಹಿ, ನಾನು ಮೂರು ಭಾನುವಾರ ಕೂತು ಬರೆದ ನಾಲ್ಕು ಪುಟ. ಅದಕ್ಕೆ ವಿಶ್ವವಿದ್ಯಾಲಯದ ಉತ್ತರ ಎರಡು ಸಾಲು. ಪಾಠಗಳೆಲ್ಲ ಧ್ವನಿ ಮತ್ತು ದೃಶ್ಯ ರೂಪದಲ್ಲಿ ಸಂಪೂರ್ಣವಾಗಿ ಲಭ್ಯವಿರುವುದರಿಂದ ನೀನು ಕಲಿಸುತ್ತಿದ್ದ ಭಾಷೆಗೆ ಅಧ್ಯಾಪಕರ ಹುದ್ದೆ ಅಗತ್ಯವಿಲ್ಲವಂತೆ. ‘ಸಂಪೂರ್ಣವಾಗಿ’ ಎಂಬುದರ ಕೆಳಗೆ ಯಾರೋ ಗೆರೆ ಬೇರೆ ಎಳೆದಿದ್ದಾರೆ. ವಿಭಾಗದ ಮುಖ್ಯಸ್ಥರನ್ನು ಹೋಗಿ ಕಂಡೆ. ‘ಏನ್ ಮಾಡೋದು, ಮೇಲಿನವರು ಹೇಳಿದ ಮೇಲೆ ಮುಗೀತು. ನಿಮ್ಮ ಮಗಳು ಎಲ್ಲೂ ಹೋಗಿಲ್ವಲ್ಲ, ದಿನಾ ಇಲ್ಲೇ ಪಾಠ ಮಾಡ್ತಿದ್ದಾಳೆ’ ಎಂದು ನಕ್ಕರು. ತಮಾಷೆ ಎಂದುಕೊಂಡೇ ಹೇಳಿದರು, ಪಾಪ. ನನ್ನ ಕಣ್ಣು ಮಾತ್ರ ಅವರ ಮೇಜಿನ ಮೇಲಿದ್ದ ಪೇಪರ್‌ವೇಟಿನ ಮೇಲೇ ಇತ್ತು. ಕೈ ಕಟ್ಟಿಕೊಂಡು ಹೊರಗೆ ಬಂದೆ.

ಅವರು ಹೇಳಿದ್ದು ಸುಳ್ಳೂ ಅಲ್ಲ. ದಿನಾ ಎರಡು ಗಂಟೆಗೆ ಇಪ್ಪತ್ತನಾಲ್ಕು ಮಕ್ಕಳು ಬಂದು ತಮ್ಮ ತಮ್ಮ ಗೂಡಿನಲ್ಲಿ ಕೂತು ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ಪರದೆಯ ಮೇಲೆ ನೀನು ಬರುತ್ತೀಯ, ಆ ಹಸಿರು ಅಂಗಿಯಲ್ಲಿ. ಒಂದು ವಾಕ್ಯ ಹೇಳಿ ಸುಮ್ಮನಾಗುತ್ತೀಯ, ಮಕ್ಕಳು ಅದನ್ನು ತಿರುಗಿ ಹೇಳುತ್ತಾರೆ. ಪಾಠ ಮುದ್ರಿಸುವಾಗ ಆ ಸುಮ್ಮನಿರುವ ಹೊತ್ತನ್ನೆಲ್ಲ ಅಳೆದು ಬಿಟ್ಟವನು ನಾನೇ ತಾನೇ? ಪ್ರತಿಯೊಂದು ವಾಕ್ಯವನ್ನೂ ತುಟಿಯಲ್ಲೇ ಒಂದು ಸಲ ಹೇಳಿ ನೋಡಿ, ನನ್ನ ದಪ್ಪ ನಾಲಿಗೆಗೆ ಎಷ್ಟು ಹೊತ್ತು ಬೇಕೋ ಅಷ್ಟು ಬಿಟ್ಟಿದ್ದೆ. ಮಕ್ಕಳು ಚುರುಕು. ಅರ್ಧ ಹೊತ್ತಿನಲ್ಲೇ ಹೇಳಿ ಮುಗಿಸಿ ಗಡಿಯಾರ ನೋಡುತ್ತಾರೆ. ನೀನು ಹುಬ್ಬೇರಿಸಿಕೊಂಡು ಕಾಯುತ್ತಲೇ ಇರುತ್ತೀಯ. ಮೂವತ್ತು ಪಾಠವೂ ನನಗೀಗ ಬಾಯಿಪಾಠ, ಒಂದರ ಅರ್ಥವೂ ಗೊತ್ತಿಲ್ಲ. ಆ ಭಾಷೆಯವರ ಊರಿಗೆ ಹೋದರೆ ಹತ್ತನೇ ಪಾಠವನ್ನು ಪೂರ್ತಿ ಒಪ್ಪಿಸಿಯೇನು, ಒಂದು ಲೋಟ ನೀರು ಕೇಳಲಾರೆ.

ಹೊಟ್ಟೆ ಉರಿಯುವುದು ಆ ತಿದ್ದುಪಡಿಗಳನ್ನು ಹಾಕುವಾಗ. ನಿನಗೆ ಗಂಟಲು ಕಟ್ಟಿದ ದಿನವೂ ಪಾಠ ನಿಲ್ಲಬಾರದೆಂದು, ಮಕ್ಕಳು ಪದೇ ಪದೇ ಮಾಡುವ ನಲವತ್ತು ತಪ್ಪುಗಳನ್ನು ಪಟ್ಟಿ ಮಾಡಿ, ಒಂದೊಂದನ್ನೂ ತಿದ್ದುವ ಮಾತನ್ನು ನಿನ್ನ ದನಿಯಲ್ಲೇ ಮುದ್ರಿಸಿಟ್ಟಿದ್ದೆವಲ್ಲ, ಅವು. ‘ಇದೆಲ್ಲ ಯಾಕಪ್ಪಾ, ತಪ್ಪು ಹೇಳಿದಾಗ ತಿದ್ದೋಕೆ ನಾನೇ ಇರ್ತೀನಲ್ಲ’ ಎಂದು ನೀನು ಗೊಣಗಿದ್ದೆ. ಇರಲಿ ಬಿಡು ಎಂದು ಒತ್ತಾಯ ಮಾಡಿ ಕೂರಿಸಿದವನು ನಾನು. ಮಾರ್ಚ್ ತಿಂಗಳಲ್ಲಿ ನೀನು ಮುಖ್ಯಸ್ಥರ ಮುಂದೆ ನಿಂತು ‘ವೀಡಿಯೊ ಪಾಠ ಹೇಳಬಹುದು, ತಪ್ಪು ತಿದ್ದೋಕಾಗಲ್ಲ’ ಎಂದು ವಾದಿಸಿದಾಗ, ಅವರು ಡ್ರಾಯರಿನಿಂದ ಅದೇ ನಲವತ್ತನ್ನು ತೆಗೆದು ನಿನಗೇ ಕೇಳಿಸಿದರು. ಅಲ್ಲಿಗೆ ನಿನ್ನ ವಾದ ಮುಗಿಯಿತು. ಈಗ ನನ್ನ ಮೇಜಿನ ಮೇಲೆ ಅವಕ್ಕೆ ನಲವತ್ತು ಗುಂಡಿಗಳಿವೆ. ಮಕ್ಕಳು ಹೇಳುವುದನ್ನು ಕದ್ದು ಕೇಳುತ್ತಾ, ನಿನ್ನ ಹಾಗೆ ಕೇಳಿಸದಿದ್ದರೆ ಅಂದಾಜಿನ ಮೇಲೆ ಒಂದನ್ನು ಒತ್ತುವುದು ನನ್ನ ಕೆಲಸ. ಹೋದ ವಾರ ಕೊನೆಯ ಸಾಲಿನ ಹುಡುಗಿಗೆ ಮೂಗು ಕಟ್ಟಿತ್ತೋ ಏನೋ, ದನಿ ಬೇರೆಯಾಗಿ ಬಂತು. ಹದಿನೇಳನೆಯದನ್ನು ಒತ್ತಿದೆ. ‘ಉಹೂಂ, ಹಾಗಲ್ಲ, ಇನ್ನೊಂದ್ಸಲ’ ಎಂದು ನೀನು ಅಕ್ಕರೆಯಿಂದ ಗದರಿದೆ. ಅವಳು ಬದಲಿಸಿ ಹೇಳಿದಳು. ಮತ್ತೆ ಒತ್ತಿದೆ. ಕೊನೆಗೆ ಅವಳು ಎದ್ದು ಬಂದು ‘ಸರ್, ನಾನು ಮೊದಲು ಹೇಳಿದ್ದೇ ಸರಿ ಇತ್ತಲ್ವಾ?’ ಎಂದು ಕೇಳಿದಳು. ನನಗೇನು ಗೊತ್ತು? ‘ಮೇಡಂ ಹೇಳಿದ್ದಾರೆ ಅಂದ್ಮೇಲೆ ಸರಿ ಇರುತ್ತಮ್ಮ’ ಎಂದು ಕಳಿಸಿದೆ. ಎಲ್ಲರೂ ಹೋದ ಮೇಲೆ ಅವಳ ಧ್ವನಿಯನ್ನು ನಿನ್ನದರ ಪಕ್ಕ ಇಟ್ಟು ಕೇಳಿದೆ. ಅವಳು ಮೊದಲು ಹೇಳಿದ್ದೇ ಸರಿ ಇತ್ತು. ಸರಿಯಾಗಿ ಕಲಿತವಳಿಗೆ ನಿನ್ನ ಬಾಯಿಂದಲೇ ತಪ್ಪು ಕಲಿಸಿ ಕಳಿಸಿದ್ದೆ.

ಉಳಿದ ಭಾಷೆಗಳ ಅಧ್ಯಾಪಕರು ಈಗ ನನ್ನ ಕೋಣೆಗೆ ಕಾಲಿಡುವುದೇ ಅಪರೂಪ. ಮೊದಲಾದರೆ ಟೀ ತಂದುಕೊಟ್ಟು, ನನ್ನ ಪಾಠಾನೂ ಮುದ್ರಿಸಿಕೊಡಿ ಎಂದು ದುಂಬಾಲು ಬೀಳುತ್ತಿದ್ದರು. ಈಗ ಪ್ರೊಜೆಕ್ಟರ್ ಬೇಕಾದರೆ ಬಾಗಿಲಲ್ಲೇ ನಿಂತು ಸಹಿ ಹಾಕಿ ಒಯ್ಯುತ್ತಾರೆ. ಮೈಕಿನ ಮುಂದೆ ಕೂರಿ ಎಂದರೆ ಎಲ್ಲರಿಗೂ ಅವತ್ತೇ ಗಂಟಲು ಕೆಟ್ಟಿರುತ್ತದೆ. ಬೆನ್ನ ಹಿಂದೆ ನನಗೆ ಯಮದೂತ ಎಂದು ಹೆಸರಿಟ್ಟಿದ್ದಾರಂತೆ. ತಪ್ಪೇನು? ಮಗಳ ಕತ್ತಿಗೇ ಹಗ್ಗ ಹೊಸೆದುಕೊಟ್ಟವನು ಪರರನ್ನು ಬಿಟ್ಟಾನೆಯೇ ಎಂದು ಅವರ ಭಯ.

ನಿನ್ನ ಗೆಳತಿ ಉದ್ದಜಡೆಯ ವಿಷಯ ಕೇಳಿದ್ದೀಯ. ‘ಬೆನ್ನಿಗೆ ಚೂರಿ ಹಾಕಿದ್ದಕ್ಕೆ ಅವಳಿಗೆ ಬಡ್ತಿ ಸಿಕ್ಕಿತಾ’ ಎಂದು ಬರೆದಿದ್ದೀಯ. ಮುದ್ರಿಸಿದ್ದನ್ನೆಲ್ಲ ಇಡುವ ಕಪಾಟಿನ ಕೀಲಿ ಇದ್ದದ್ದು ನಮ್ಮ ಮೂವರ ಹತ್ತಿರ ಮಾತ್ರ, ಹಾಗಾಗಿ ಆ ತಿದ್ದುಪಡಿಗಳನ್ನು ಮುಖ್ಯಸ್ಥರಿಗೆ ಮುಟ್ಟಿಸಿದವಳು ಅವಳೇ ಎಂದು ನೀನು ತೀರ್ಮಾನಿಸಿದ್ದು ನನಗೆ ಗೊತ್ತಿದೆ. ಬಡ್ತಿಯೂ ಇಲ್ಲ, ಏನೂ ಇಲ್ಲ. ಅವಳ ಪಾಠಗಳ ಮುದ್ರಣವೂ ಮುಗಿದಿತ್ತು. ಮೊನ್ನೆ ಅವಳಿಗೂ ನೋಟಿಸ್ ಬಂತು. ಇವತ್ತು ಬೆಳಿಗ್ಗೆ ಬಂದು ಕೀಲಿ ವಾಪಸ್ ಕೊಟ್ಟು ಹೋದಳು. ಖುಷಿಪಡಬೇಡ ಮಗಳೇ. ಆರು ವರ್ಷ ಒಂದೇ ಡಬ್ಬಿಯಲ್ಲಿ ಉಂಡವರು ನೀವು.

ನನಗಂತೂ ಇನ್ನು ಯಾವ ದಾರಿಯೂ ಕಾಣುತ್ತಿಲ್ಲ. ಇಲ್ಲಿಗೆ ವಾಪಸ್ ಬರುತ್ತೇನೆಂದು ಅಲ್ಲಿ ಅರೆಮನಸ್ಸಿನಿಂದ ದಿನ ದೂಡಬೇಡ. ಬಾಡಿಗೆಗೆ ಒಂದು ಸರಿಯಾದ ಕೋಣೆ ಹಿಡಿ. ನಿನ್ನ ಪುಸ್ತಕಗಳನ್ನು ಅಮ್ಮ ಪೆಟ್ಟಿಗೆಗೆ ತುಂಬಲು ಬಿಡುತ್ತಿಲ್ಲ. ನಾನು ಬಲವಂತ ಮಾಡಿಲ್ಲ.

ನಿನ್ನ ಗಂಟಲು ಗಟ್ಟಿಯಾಗಲಿ, ನಿಂತು ನಿಂತು ದಣಿದ ಕಾಲಿಗೆ ಒಂದು ಕುರ್ಚಿ ಸಿಗಲಿ. ಸದ್ಯಕ್ಕೆ ಇಷ್ಟೇ ಹರಸುವ ಧೈರ್ಯ ನನಗಿರುವುದು.

ಇಂತಿ,
ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಏಳಲಿಲ್ಲ. ಮಕ್ಕಳು ಮೆಟ್ಟಿಲಿಳಿಯುವ ಸದ್ದು ಕೇಳುತ್ತಿದೆ, ಬೇಗ ಬರೆದುಬಿಡುತ್ತೇನೆ. ಆ ನಲವತ್ತನ್ನು ಕೊಟ್ಟವಳು ಉದ್ದಜಡೆ ಅಲ್ಲ. ನಾನು. ಯಾರೂ ಕೇಳಿರಲಿಲ್ಲ. ಫೆಬ್ರವರಿಯಲ್ಲಿ ಪರಿಶೀಲನೆಗೆ ಬಂದವರು ನಿನ್ನ ಪಾಠ ನೋಡಿ ಬಹಳ ಹೊಗಳಿದರು, ಮುಖ್ಯಸ್ಥರೂ ಅಲ್ಲೇ ಇದ್ದರು. ನಾನು ಉಬ್ಬಿಹೋದೆ. ‘ಇಷ್ಟೇ ಅಲ್ಲ ಸರ್, ತಪ್ಪು ತಿದ್ದೋದನ್ನೂ ಮಾಡಿಟ್ಟಿದ್ದಾಳೆ ನನ್ನ ಮಗಳು’ ಎಂದು ಕಪಾಟು ತೆಗೆದು ಕೈಯಾರೆ ಕೊಟ್ಟೆ. ಉದ್ದಜಡೆ ಬಾಗಿಲಲ್ಲೇ ನಿಂತು ನೋಡಿದ್ದಳು. ನೀನು ಅವಳನ್ನು ಕಳ್ಳಿ ಎಂದು ಬೈದಾಗ, ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ ಒರೆಸಿ ನಾನು ಸುಮ್ಮನೆ ಕೂತೆ. ಎಂಟು ತಿಂಗಳಾದರೂ ಅವಳು ಬಾಯಿ ಬಿಡಲಿಲ್ಲ. ಇವತ್ತು ಕೀಲಿ ಕೊಡುವಾಗ, ಯಾಕಮ್ಮ ಹೇಳಲಿಲ್ಲ ಎಂದು ಕೇಳಿದೆ. ‘ಅವಳಿಗೆ ಕೆಲಸ ಹೋಯ್ತು, ಗೆಳತಿ ಹೋದ್ಲು. ಅಪ್ಪನಾದ್ರೂ ಉಳೀಲಿ ಅಂತ’ ಎಂದಳು. ಶನಿವಾರ ಅವಳು ಊರು ಬಿಡುತ್ತಾಳೆ. ಅಷ್ಟರೊಳಗೆ ಅವಳಿಗೆ ಒಂದು ಫೋನ್ ಮಾಡು. ನನಗೆ ಮಾಡಬೇಕೆಂದಿಲ್ಲ.