ಬೀಗ ಹಾಕಿದ ಮನೆಯ ಬಾಣಂತಿ

೮ ನವೆಂಬರ್ ೧೯೪೪, ಬುಧವಾರ

ಅಟ್ಟದ ಕಂಚಿನ ಪಾತ್ರೆಗಳನ್ನು ಗೋಣಿಯಲ್ಲಿ ಸುತ್ತಿದ್ದಾಯಿತು. ಅಕ್ಕಿ ಡಬ್ಬಕ್ಕೆ ಬೇವಿನೆಲೆ. ಒಲೆ ಸಾರಿಸುವುದು ಕೊನೆಯ ದಿನಕ್ಕೆ. ಕಿಟಕಿಯ ಬ್ಲ್ಯಾಕ್‌ಔಟ್ ಕಾಗದ ಕೀಳಬೇಡ ಎಂದೆ ಹೆಂಡತಿ ಮಂಜುಳಮ್ಮನಿಗೆ. ಒಳಗೆ ಸಂಸಾರವಿದೆಯೋ ಶೂನ್ಯವಿದೆಯೋ ಹೊರಗಿನವರಿಗೆ ತಿಳಿಯಬಾರದು!

ನಾಟಕ ಕಂಪನಿಯ ಕ್ಯಾಂಪು ಈ ಸಲ ದಾವಣಗೆರೆ, ಹುಬ್ಬಳ್ಳಿ, ಗದಗ. ಮುಂಗಾರು ಬೀಳುವ ತನಕ ವಾಪಸಿಲ್ಲ. ನಾನು ರಾಜಾಪಾರ್ಟು, ಹೆಂಡತಿ ಉಡುಪು ಹೊಲಿಯುವವಳು. ಇಬ್ಬರೂ ಹೊರಟರೆ ಹಲಸೂರಿನ ಈ ಮನೆಗೆ ಬೀಗವೇ ಗತಿ. ಬೀಗ ಬಿದ್ದ ಮನೆ ಬಾಡಿಗೆ ಆಫೀಸಿನವರ ಕಣ್ಣಿಗೆ ಬಿದ್ದರೆ ಬೇರೆಯವರಿಗೆ ಅಲಾಟ್ ಆಗುತ್ತದಂತೆ. ಯುದ್ಧದ ಕಾಲ. ದಂಡು ಪ್ರದೇಶದ ತುಂಬ ಸೋಲ್ಜರುಗಳು, ಮನೆಗಳಿಗೆ ಬರ. ಮದುವೆಯಾಗಿ ಬಂದ ದಿನದಿಂದ ಇದ್ದ ಮನೆ! ಹೋಗಿ ಚಾಡಿ ಹೇಳಲು ಒಂದು ನಾಲಿಗೆ ಸಾಕು.

ಯಾರ ನಾಲಿಗೆ?

೧೧, ಶನಿವಾರ

ಪಕ್ಕದ ಮನೆಯ ಪಿಳ್ಳಮ್ಮ ಹಾಲು ಅಳೆಯುತ್ತಾ ಕೇಳಿದಳು — "ಯಾವತ್ತು ಒಂಟ್ರಿ ಮೇಷ್ಟ್ರೇ? ಬೆಳಗಿನ ರೈಲಾ, ರಾತ್ರೀದಾ?" ಸಂಜೆ ಅವಳ ಗಂಡ ಬೈಲಪ್ಪನೂ ಎಮ್ಮೆ ಕಟ್ಟುತ್ತಾ ಅದನ್ನೇ ಕೇಳಿದ. ಗಂಡ ಹೆಂಡತಿ ಇಬ್ಬರಿಗೂ ನನ್ನ ರೈಲಿನ ಮೇಲೆ ಯಾಕಿಷ್ಟು ಪ್ರೀತಿ?

ಬೀಗದ ಕೈ ಬೇರೆ ಪಿಳ್ಳಮ್ಮನ ಹತ್ತಿರವೇ ಇರಬೇಕಂತೆ. ಸಂಜೆ ದೀಪ ಹಚ್ಚಲು, ಬಾಗಿಲಿಗೆ ರಂಗೋಲಿ ಹಾಕಲು. ಮಂಜುಳಮ್ಮ ಆಗಲೇ ಒಪ್ಪಿಬಿಟ್ಟಿದ್ದಾಳೆ. "ದೀಪ ಇಲ್ದಿರೋ ಮನೆ ಮಾಡಿ ಹೋಗ್ತೀರೇನ್ರೀ?" ಎಂದು ನನ್ನನ್ನೇ ಕೇಳಿದಳು.

ಒಪ್ಪಿದೆ. ಆದರೆ ಪರೀಕ್ಷೆ ಮಾಡದೆ ಬಿಡುವವನಲ್ಲ.

೧೪, ಮಂಗಳವಾರ

ಒಲೆ ಸಾರಿಸಿ ರಂಗೋಲಿ ಎಳೆದು, ಕೊಡ ಬೋರಲು ಹಾಕಿ, ಬೀಗ ಜಡಿದು, ಬೀದಿಗೆಲ್ಲ ಕೇಳುವಂತೆ ಹೋಗಿಬರುತ್ತೇನೆ ಎಂದು ಗರ್ಜಿಸಿ, ಜಟಕಾ ಹತ್ತಿದೆವು. ಬೈಲಪ್ಪ ಟ್ರಂಕು ಏರಿಸಿದ. ತುಂಬ ಉತ್ಸಾಹದಿಂದ ಏರಿಸಿದ…

ಜಟಕಾ ಸ್ಟೇಷನ್ನಿಗೆ ಹೋಗಲಿಲ್ಲ! ದೊಡ್ಡನೆಕ್ಕುಂದಿಯ ಅತ್ತೆಯ ಮನೆಗೆ. ನಿಜವಾದ ರೈಲು ಇಪ್ಪತ್ತಕ್ಕೆ. "ನಿಮಗೆ ಹುಚ್ಚು" ಎಂದಳು ಮಂಜುಳಮ್ಮ. ಮುಂದಿನ ಅಂಕ ಅವಳಿಗೆ ತಿಳಿಸಿಲ್ಲ.

೧೫, ಬುಧವಾರ

ಬಣ್ಣ ಹಚ್ಚುವ ರಹೀಂ, ಕಂಪನಿಯ ಪೆಟ್ಟಿಗೆಯಿಂದ ಸೂಟು, ಹ್ಯಾಟು, ಕನ್ನಡಕ ತೆಗೆದುಕೊಟ್ಟ. ಮೀಸೆ ಅವನೇ ಅಂಟಿಸಿದ. "ಉಸ್ತಾದ್, ನಿಮ್ ಅಮ್ಮಾನೂ ಪೈಚಾನ್ ಮಾಡಲ್ಲ" ಎಂದ.

ಬಾಡಿಗೆ ಇನ್‌ಸ್ಪೆಕ್ಟರಾಗಿ ನನ್ನ ಬಾಗಿಲ ಮುಂದೆಯೇ ನಿಂತೆ. ಬೆತ್ತದಿಂದ ಬೀಗ ತಟ್ಟಿದೆ. ಪಿಳ್ಳಮ್ಮ ಸಗಣಿ ಕೈಯಲ್ಲೇ ಓಡಿಬಂದಳು.

"ಈ ಮನೆ ಖಾಲಿ ತಾನೇ?"

ಈಗ ಹೇಳುತ್ತಾಳೆ, ಈಗ ಬೀಳುತ್ತದೆ ಪರದೆ ಎಂದುಕೊಂಡೆ.

"ಖಾಲೀನಾ? ಯಾರ್ ಸಾಮಿ ಯೋಳಿದ್ದು? ಒಳಗೆ ಬಾಣಂತಿ ಅವ್ಳೆ. ಹಸಿ ಮೈ."

"ಹೊರಗೆ ಬೀಗ?"

"ಗಾಳಿ ಸೋಕ್ಬಾರ್ದು ಅಂತ ನಾನೇ ಆಕಿವ್ನಿ. ಗಂಡಸ್ರು ಕಾಲಿಡೋ ಜಾಗ ಅಲ್ಲ. ನಡೀರಿ ಅತ್ಲಾಗೆ!"

ಎಂಥ ಸುಳ್ಳು! ಎಂಥ ಅಭಿನಯ! ನನಗಾಗಿ ಹೇಳಿದ ಸುಳ್ಳು. ಸುಮ್ಮನೆ ಹಿಂತಿರುಗಬೇಕಿತ್ತು. ಆದರೆ ವೇಷದಲ್ಲಿದ್ದವನು ಸುಮ್ಮನೆ ಹೇಗೆ ಹೋಗುವುದು? ಬೆತ್ತ ಎತ್ತಿ, "ಮತ್ತೆ ಬರುತ್ತೇನೆ! ಬಾಣಂತಿಯನ್ನು ಕಣ್ಣಾರೆ ಕಾಣುತ್ತೇನೆ!" ಎಂದು ಗುಡುಗಿ ನಿರ್ಗಮಿಸಿದೆ.

೧೮, ಶನಿವಾರ

ಕಂಪನಿ ಹೊರಡುವುದು ತಡವಾಯಿತೆಂದು ನೆಪ ಹೇಳಿ ಇಬ್ಬರೂ ಹಲಸೂರಿಗೆ ಹೋದೆವು.

ನನ್ನ ಮನೆಯ ಹೆಂಚಿನ ಮೇಲೆ ಹೊಗೆ! ಬೀಗವಿಲ್ಲ. ಒಳಗಿನಿಂದ ಸಾಂಬ್ರಾಣಿ ವಾಸನೆ, ಎಳೆಗೂಸಿನ ಅಳು.

ಪಿಳ್ಳಮ್ಮ ಹೊಸಿಲಲ್ಲೇ ತಡೆದಳು. ಒಳಗಿರುವುದು ಅವಳ ಮಗಳು ಆಂಜನಮ್ಮ, ಹೆತ್ತು ಒಂಬತ್ತು ದಿನ. "ಏನ್ ಮಾಡ್ಲಿ ಮೇಷ್ಟ್ರೇ? ಅದ್ಯಾವನೋ ಇನ್‌ಸ್ಪೆಟ್ರು ಬಂದಿದ್ದ. ಬಾಣಂತಿ ಅವ್ಳೆ ಅಂದ್ಬಿಟ್ಟೆ. ತಿರ್ಗಾ ಬತ್ತೀನಿ ಅಂದ. ಇಲ್ದಿರೋ ಬಾಣಂತೀನ ಎಲ್ಲಿಂದ ತರ್ಲಿ? ಮಾರ್ನೇ ದಿನಾನೇ ಗಾಡಿ ಕಟ್ಸಿ ಕಗ್ಗದಾಸಪುರದಿಂದ ಇವ್ಳ್ನ ಕರ್ಕಂಡ್ ಬಂದೆ. ಗಂಡನ ಮನೇಲಿ ಇದ್ಳು. ನಮ್ದು ಒಂದೇ ರೂಮು, ಎಮ್ಮೆ ಬೇರೆ."

"ಹೆಂಗಿದ್ದ ಅವನು?" ಎಂದಳು ಮಂಜುಳಮ್ಮ.

ಪಿಳ್ಳಮ್ಮ ಸೆರಗು ಸಿಕ್ಕಿಸಿ, ಎಮ್ಮೆ ಹೊಡೆಯುವ ಕೋಲು ಎತ್ತಿ, ಆ ನಿರ್ಗಮನವನ್ನು ಮಾಡಿ ತೋರಿಸಿದಳು. ನನ್ನ ಪ್ರತಿಯೊಂದು ಹೆಜ್ಜೆ! ನನ್ನ ಹೆಂಡತಿ ಅವಳನ್ನು ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದಳು.

ಒಳಗೆ ಮಗು ಕೆಮ್ಮಿತು. ದಾರಿಯಲ್ಲಿ ಚಳಿಗಾಳಿ ಹೊಡೆದು ಶೀತವಂತೆ.

೧೯, ಭಾನುವಾರ

ಮಂಜುಳಮ್ಮ ಊಟ ಬಡಿಸಿದಳು. ಕೊನೆಗೆ — "ಹಸಿ ಬಾಣಂತೀನ ಗಾಡೀಲಿ ಕುಲುಕಿಸಿದ್ದು ನೀವು. ನಾಳೆ ಹೋಗಿ ಹೇಳ್ಬಿಡಿ. ಹೇಳ್ದಿದ್ರೆ ನಾನು ಕ್ಯಾಂಪಿಗೆ ಬರಲ್ಲ."

೨೦, ಸೋಮವಾರ — ರೈಲಿನಲ್ಲಿ

ಹೇಳಿದೆ. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಜಟಕಾ ನಿಲ್ಲಿಸಿ ಹೋದೆ. "ಪಿಳ್ಳಮ್ಮ!" ಎಂದದ್ದಕ್ಕೆ ಬಾಯಿ ಮೇಲೆ ಬೆರಳಿಟ್ಟಳು. "ಮೆಲ್ಲುಕೆ ಮೇಷ್ಟ್ರೇ. ಕೆಮ್ಮು ನಿಂತು ಮಗು ಈಗ್ತಾನೆ ಮಲ್ಗೈತೆ."

ಜೀವಮಾನದಲ್ಲಿ ಪಿಸುಗುಟ್ಟಿದವನಲ್ಲ. ಪಿಸುಗುಟ್ಟಿದೆ. ಆ ಇನ್‌ಸ್ಪೆಕ್ಟರ್ ನಾನೇ. ನಿನ್ನ ಮೇಲೆ ಅನುಮಾನಪಟ್ಟೆ.

ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು, ಮೈ ಕುಲುಕುವಷ್ಟು. "ಅವತ್ತೇ ಗೊತ್ತಾಯ್ತು ಬುಡಿ! ಮೀಸೆ ಅಂಟಿಸ್ಕಂಡ್ರೆ ಗಂಟ್ಲು ಬದ್ಲಾಯ್ತದಾ?"

ನಾನೂ ನಕ್ಕೆ. ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಆ ಸಂತೋಷದಲ್ಲಿ ಉಗ್ರಾಣದ ಬೀಗದ ಕೈಯನ್ನೂ ಅವಳ ಕೈಗಿಟ್ಟೆ. ಮಗುವಿಗೆ ಬೆಚ್ಚಗಿರಲಿ, ಬೇಕಾದಷ್ಟು ದಿನ ಇರಲಿ ಎಂದೆ. ನಾನೇ ಎಂದೆ!

ತುಮಕೂರು ದಾಟಿತು. ಮಂಜುಳಮ್ಮ ಟ್ರಂಕಿಗೆ ಒರಗಿ ನಿದ್ದೆ ಮಾಡುತ್ತಿದ್ದಾಳೆ. ನನಗೆ ನಿದ್ದೆಯಿಲ್ಲ.

ಅವತ್ತೇ ಗೊತ್ತಾಯಿತು ಎಂದಳು. ಅವತ್ತೇ. ಗಾಡಿ ಕಟ್ಟಿಸಿದ್ದು ಅದರ ಮಾರನೆಯ ದಿನ. ಯಾವ ಇನ್‌ಸ್ಪೆಕ್ಟರೂ ತಿರುಗಿ ಬರುವುದಿಲ್ಲವೆಂದು ಗೊತ್ತಿದ್ದ ಮೇಲೆ ಮಗಳನ್ನು ನನ್ನ ಮನೆಗೆ ಯಾಕೆ ಕರೆತಂದಳು?